ಹಾಡಿನೊಳಗಿನ ಕೋಣೆ: 2024ರ ನನ್ನ ಮೆಚ್ಚಿನ ಇಂಡೀ ಆಲ್ಬಂಗಳು

ನನ್ನ ಸೋದರಮಾವ ಹಾಸನದ ಬಸ್ ನಿಲ್ದಾಣದ ಹತ್ತಿರ ಕ್ಯಾಸೆಟ್ ಅಂಗಡಿ ಇಟ್ಟುಕೊಂಡಿದ್ದರು. ಸಕಲೇಶಪುರ, ಆಲೂರು, ಬೇಲೂರು ಕಡೆಯಿಂದ ಬರುವವರು ಬೆಳಿಗ್ಗೆ ಬಸ್ಸಿಳಿದು ತಮಗೆ ಬೇಕಾದ ಹಾಡುಗಳ ಪಟ್ಟಿಯನ್ನು ಚೀಟಿಯಲ್ಲಿ ಬರೆದುಕೊಟ್ಟು ಪೇಟೆಗೆ ಹೋಗುತ್ತಿದ್ದರು. ಸಂಜೆ ಬಸ್ಸು ಹತ್ತುವ ಮೊದಲು ಹಾಡು ತುಂಬಿದ ಕ್ಯಾಸೆಟ್ಟನ್ನು ಒಯ್ಯುತ್ತಿದ್ದರು. 60 ನಿಮಿಷದ ಕ್ಯಾಸೆಟ್ ಎಂದರೆ ಒಂದು ಮಗ್ಗುಲಿಗೆ 30 ನಿಮಿಷ. ಕೊನೆಯಲ್ಲಿ ನಾಲ್ಕು ನಿಮಿಷ ಉಳಿದರೆ ಮಾವ ತಮಗೆ ಇಷ್ಟವಾದ ಹಾಡೊಂದನ್ನು ಸೇರಿಸಿಬಿಡುತ್ತಿದ್ದರು. ಆದರೆ ಒಂದು ಕ್ಯಾಸೆಟ್ಟಿನ ವಿಷಯದಲ್ಲಿ ಅವರು ಹಟ ಹಿಡಿಯುತ್ತಿದ್ದರು. 1978ರಲ್ಲಿ ಬಂದ, ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ್ದ ‘ನಿತ್ಯೋತ್ಸವ’ದಿಂದ ಎರಡು ಹಾಡು ಬಿಡಿಸಿ ಕೊಡಿ ಎಂದರೆ ಒಪ್ಪುತ್ತಿರಲಿಲ್ಲ. ಪೂರ್ತಿ ಕೇಳಿ, ಇಲ್ಲದಿದ್ದರೆ ಬೇರೆ ಯಾವುದಾದರೂ ತೆಗೆದುಕೊಂಡು ಹೋಗಿ ಎನ್ನುತ್ತಿದ್ದರು. ಹಾಡುಗಳು ಒಂದರ ಹಿಂದೆ ಒಂದು ಬರುವ ಕ್ರಮದಲ್ಲಿಯೂ ಒಂದು ಮಾತಿರುತ್ತದೆ ಎಂಬುದನ್ನು ನಾನು ಮೊದಲು ತಿಳಿದದ್ದು ಆ ಅಂಗಡಿಯ ಸ್ಟೂಲಿನ ಮೇಲೆ ಕುಳಿತು.

ಇಂದು ನಿಮ್ಮ ಮುಂದೆ ಇಡುತ್ತಿರುವುದು 2024ರಲ್ಲಿ ನಾನು ಮತ್ತೆ ಮತ್ತೆ ಕೇಳಿದ ಕೆಲವು ಆಲ್ಬಂಗಳನ್ನು. ಇವೆಲ್ಲವೂ ಇಂಡೀ ಎಂದು ಕರೆಯಲ್ಪಡುವ ಬಗೆಯವು. ಆ ಪದದ ಬಗ್ಗೆ ಮೊದಲು ಸ್ವಲ್ಪ ಹೇಳಬೇಕು. ಜಗತ್ತಿನ ಧ್ವನಿಮುದ್ರಣ ವ್ಯವಹಾರದ ದೊಡ್ಡ ಪಾಲು ಯೂನಿವರ್ಸಲ್, ಸೋನಿ, ವಾರ್ನರ್ ಎಂಬ ಮೂರು ಕಂಪನಿಗಳ ಕೈಯಲ್ಲಿದೆ. ಇಂಥ ದೊಡ್ಡ ಕಂಪನಿಗಳ ಹೊರಗೆ ನಿಂತು ಸಂಗೀತ ಹೊರತಂದ ಸಣ್ಣ ಸಂಸ್ಥೆಗಳನ್ನು ಬ್ರಿಟನ್ನಿನಲ್ಲಿ ಇಂಡಿಪೆಂಡೆಂಟ್, ಚಿಕ್ಕದಾಗಿ ಇಂಡೀ, ಎಂದರು. 1980ರ ಜನವರಿಯಿಂದ ಅವುಗಳ ಮಾರಾಟಕ್ಕೆಂದೇ ಪ್ರತ್ಯೇಕ ಪಟ್ಟಿ ಪ್ರಕಟವಾಗತೊಡಗಿತು. 1986ರಲ್ಲಿ ಅಲ್ಲಿನ ಎನ್‌ಎಂಇ ಎಂಬ ಸಂಗೀತ ಪತ್ರಿಕೆ ಅಂಥ 22 ತಂಡಗಳಿಂದ ಒಂದೊಂದು ಹಾಡು ಪಡೆದು ‘ಸಿ86’ ಎಂಬ ಕ್ಯಾಸೆಟ್ ಹೊರತಂದಿತು. ಅಂದರೆ ಈ ಬಗೆಯ ಸಂಗೀತಕ್ಕೆ ಹೆಸರು ಗಟ್ಟಿಯಾಗುವುದರಲ್ಲಿಯೂ ಕ್ಯಾಸೆಟ್ಟಿನ ಪಾಲಿದೆ. ಅಲ್ಲಿಂದ ಮುಂದೆ ಇಂಡೀ ಎಂಬುದು ವ್ಯವಹಾರದ ಹೆಸರಾಗಿ ಉಳಿಯದೆ ಗಿಟಾರಿನ ಒಂದು ಶೈಲಿಯ ಹೆಸರಾಯಿತು. ನನಗೆ ಆ ಶೈಲಿಗಿಂತ ಮೂಲ ಅರ್ಥವೇ ಮುಖ್ಯ: ಎಲ್ಲಿ ಕುಳಿತು ಹಾಡಬೇಕು, ಯಾರೊಡನೆ, ಎಷ್ಟು ಕಾಲ, ಯಾವ ರೀತಿಯಲ್ಲಿ ಜನರಿಗೆ ಮುಟ್ಟಿಸಬೇಕು ಎಂಬುದನ್ನು ಹಾಡುವವರೇ ತೀರ್ಮಾನಿಸಿಕೊಳ್ಳುವುದು. ಹಾಗೆ ತೀರ್ಮಾನಿಸಿದಾಗ ಆಲ್ಬಂನಲ್ಲಿ ಹಾಡಿನ ಜೊತೆಗೆ ಅದು ಹುಟ್ಟಿದ ಕೋಣೆಯೂ ಕೇಳಿಸುತ್ತದೆ. ಈ ಕೋಣೆಯ ಮಾತನ್ನು ನಾನು ಈ ಸಂಜೆ ಹಲವು ಸಲ ಆಡಲಿದ್ದೇನೆ.

ಮೊದಲು ಏಡ್ರಿಯನ್ ಲೆಂಕರ್ ಅವರ ‘ಬ್ರೈಟ್ ಫ್ಯೂಚರ್’. ಇದು ಮಾರ್ಚ್ 22ರಂದು 4ಎಡಿ ಎಂಬ ಬ್ರಿಟಿಷ್ ಲೇಬಲ್ಲಿನಿಂದ, ಅಂದರೆ ಸಂಗೀತ ಹೊರತರುವ ಸಂಸ್ಥೆಯಿಂದ, ಬಂತು. ಲೆಂಕರ್ ಅವರು ಬಿಗ್ ಥೀಫ್ ಎಂಬ ಅಮೆರಿಕನ್ ತಂಡದ ಗಾಯಕಿ ಮತ್ತು ಹಾಡು ಬರೆಯುವವರು. 2020ರಲ್ಲಿ ಕೋವಿಡ್‌ನಿಂದಾಗಿ ಅವರ ತಂಡದ ಪ್ರವಾಸ ಅರ್ಧಕ್ಕೆ ನಿಂತಾಗ ಅವರು ಮ್ಯಾಸಚೂಸೆಟ್ಸ್‌ನ ಬೆಟ್ಟದ ಸೀಮೆಯಲ್ಲಿ ಒಂದೇ ಕೋಣೆಯ ಮರದ ಮನೆಯೊಂದನ್ನು ಹಿಡಿದು, ಅಲ್ಲಿಗೆ ಟೇಪ್ ಯಂತ್ರ ತರಿಸಿಕೊಂಡು, ಗಿಟಾರ್ ಮತ್ತು ಕಂಠ ಎರಡರಲ್ಲೇ ಆಲ್ಬಂ ಮಾಡಿದ್ದರು. ‘ಬ್ರೈಟ್ ಫ್ಯೂಚರ್’ ಅದೇ ದಾರಿಯಲ್ಲಿ ಇನ್ನಷ್ಟು ಮುಂದೆ ಹೋಗಿದೆ. ಕಾಡಿನ ನಡುವಿನ ಸ್ಟುಡಿಯೋ ಒಂದರಲ್ಲಿ ನಿಕ್ ಹಕೀಮ್, ಮ್ಯಾಟ್ ಡೇವಿಡ್ಸನ್, ಜೋಸೆಫಿನ್ ರನ್‌ಸ್ಟೀನ್ ಎಂಬ ಮೂವರು ವಾದಕರು ಲೆಂಕರ್ ಅವರೊಡನೆ ಕುಳಿತು ನುಡಿಸಿದರು. ನಿರ್ಮಾಪಕ ಫಿಲಿಪ್ ವೈನ್‌ರೋಬ್ ಅದನ್ನು ಟೇಪಿನಲ್ಲಿ ಹಿಡಿದರು. ಹಾಡಿದಲ್ಲಿಂದ ಮಿಶ್ರಣದವರೆಗೆ, ಅಲ್ಲಿಂದ ಎಲ್‌ಪಿ ತಟ್ಟೆಯವರೆಗೆ ಎಲ್ಲಿಯೂ ಕಂಪ್ಯೂಟರ್ ನಡುವೆ ಬರಲಿಲ್ಲ.

ಟೇಪ್ ಎಂದರೆ ಹಳೆಯ ಕಾಲದ ಮೋಹ ಎಂದು ನಿಮಗೆ ಅನ್ನಿಸಬಹುದು. ಅದರಲ್ಲಿ ಕೆಲಸದ ಒಂದು ಕಟ್ಟುಪಾಡು ಇದೆ. ಕಂಪ್ಯೂಟರಿನಲ್ಲಿ ಒಂದು ಸ್ವರ ತಪ್ಪಿದರೆ ಆ ಸ್ವರವನ್ನಷ್ಟೇ ಎತ್ತಿ ಸರಿಪಡಿಸಬಹುದು. ನಾಲ್ವರು ಒಂದೇ ಕೋಣೆಯಲ್ಲಿ ಒಟ್ಟಿಗೆ ನುಡಿಸುತ್ತಿರುವಾಗ ಒಬ್ಬರ ಮೈಕಿಗೆ ಇನ್ನೊಬ್ಬರ ವಾದ್ಯವೂ ಕೇಳಿಸುತ್ತಿರುತ್ತದೆ, ಆದ್ದರಿಂದ ಟೇಪಿನಲ್ಲಿ ಬಿದ್ದದ್ದನ್ನು ಬಿಡಿಬಿಡಿಯಾಗಿ ತಿದ್ದಲು ಬರುವುದಿಲ್ಲ. ಹಾಡು ಇಡಿಯಾಗಿ ಸರಿಬಂದಿರಬೇಕು, ಇಲ್ಲವೇ ಇಡಿಯಾಗಿ ಮತ್ತೆ ಹಾಡಬೇಕು. ನಮ್ಮಲ್ಲಿ ಆಕಾಶವಾಣಿಯ ನೇರ ಪ್ರಸಾರದಲ್ಲಿ ಹಾಡಿದ ಹಿರಿಯರಿಗೆ ಈ ಶಿಸ್ತು ಹೊಸದಲ್ಲ. ‘ಬ್ರೈಟ್ ಫ್ಯೂಚರ್’ನ 12 ಹಾಡುಗಳಲ್ಲಿ ಮೊದಲನೆಯದಾದ ‘ರಿಯಲ್ ಹೌಸ್’ ಕೇಳಿ. ತಾಳವಾದ್ಯವಿಲ್ಲ. ಪಿಯಾನೋ ಒಂದು ಸ್ವರ ನುಡಿಸಿ ಅದು ಪೂರ್ತಿ ಕರಗುವ ತನಕ ಕಾಯುತ್ತದೆ. ಹಾಡುವವಳು ತಾಯಿಯೊಡನೆ ಮಾತನಾಡುತ್ತಿದ್ದಾಳೆ: ಬಾಲ್ಯದ ಮನೆ, ಆಸ್ಪತ್ರೆ, ಸಾಕಿದ ನಾಯಿಯ ಸಾವು; ಆ ನಾಯಿ ಸತ್ತ ದಿನವೇ ತಾಯಿ ಅತ್ತದ್ದನ್ನು ಮಗಳು ಮೊದಲ ಸಲ ನೋಡಿದ್ದು. ಈ ಹಾಡನ್ನು ನಾನು ಮೊದಲು ಕೇಳಿದ್ದು ಮಳೆಗಾಲದ ಒಂದು ರಾತ್ರಿ, ಸಕಲೇಶಪುರದ ಹತ್ತಿರದ ನಮ್ಮ ಮನೆಯಲ್ಲಿ, ಕರೆಂಟು ಹೋಗಿ ಎರಡು ಗಂಟೆಯಾಗಿದ್ದಾಗ. ಹೆಂಚಿನ ಮೇಲಿನ ಮಳೆ ಮತ್ತು ಆ ಪಿಯಾನೋ ನಡುವಿನ ಮೌನ ಎರಡೂ ಒಂದೇ ಕೋಣೆಯವೆಂಬಂತೆ ಕೇಳಿಸಿದವು. ಹಾಡು ಮುಗಿದಾಗ ನಾನು ಒಳಗೆ ಹೋಗಿ ಅಮ್ಮ ನಿದ್ರೆ ಮಾಡುತ್ತಿದ್ದಾರೆಯೇ ಎಂದು ನೋಡಿ ಬಂದೆ.

ಅದೇ ಮಾರ್ಚ್ 22ರಂದು ಇನ್ನೊಂದು ಆಲ್ಬಂ ಕೂಡ ಬಂತು, ವಾಕ್ಸಹ್ಯಾಚಿ ಎಂಬ ಹೆಸರಿನಲ್ಲಿ ಹಾಡುವ ಕೇಟಿ ಕ್ರಚ್‌ಫೀಲ್ಡ್ ಅವರ ‘ಟೈಗರ್ಸ್ ಬ್ಲಡ್’. ವಾಕ್ಸಹ್ಯಾಚಿ ಅವರ ತವರಾದ ಅಲಬಾಮಾದ ಒಂದು ಹೊಳೆಯ ಹೆಸರು. ‘ಟೈಗರ್ಸ್ ಬ್ಲಡ್’ ಎಂಬುದು ಮಕ್ಕಳು ತಿನ್ನುವ ಐಸ್‌ಗೋಲಾದ ಒಂದು ರುಚಿಯ ಹೆಸರು. ಹೊಳೆಯ ಹೆಸರಿನಲ್ಲಿ ಹಾಡುವವರು ನಮ್ಮ ಹೇಮಾವತಿಯ ಸೀಮೆಯಲ್ಲಿಯೂ ಹುಟ್ಟಲಿ ಎಂಬ ಆಸೆ ನನ್ನದು. ಈ ಆಲ್ಬಂ ಸಿದ್ಧವಾದದ್ದು ಟೆಕ್ಸಾಸ್‌ನಲ್ಲಿ, ಮೆಕ್ಸಿಕೋ ಗಡಿಯ ಹತ್ತಿರ, ಪೀಕಾನ್ ಎಂಬ ಕಾಯಿಯ ತೋಟಗಳ ನಡುವೆ ಇರುವ ಸೋನಿಕ್ ರಾಂಚ್ ಎಂಬ ಸ್ಟುಡಿಯೋದಲ್ಲಿ. ಕಲಾವಿದರು ಅಲ್ಲಿಯೇ ಉಳಿದು, ಅಲ್ಲಿಯೇ ಉಂಡು, ತೋಟದ ಕೋಣೆಗಳಲ್ಲಿ ಹಾಡು ಕಟ್ಟುತ್ತಾರೆ. ಇದನ್ನು ಓದಿದಾಗಲೆಲ್ಲ ನಮ್ಮ ಕಾಫಿ ತೋಟಗಳಲ್ಲಿ ಖಾಲಿ ಬಿದ್ದಿರುವ ಹಳೆಯ ಬಂಗಲೆಗಳು ನನಗೆ ನೆನಪಾಗುತ್ತವೆ. ಅವೆಲ್ಲವೂ ಹೋಮ್‌ಸ್ಟೇ ಆಗಬೇಕೆಂದೇನಿಲ್ಲ. ಒಂದೆರಡರಲ್ಲಾದರೂ ಹಾಡು ಹುಟ್ಟಬಹುದು.

ಕ್ರಚ್‌ಫೀಲ್ಡ್ 2018ರಲ್ಲಿ ಕುಡಿತ ಬಿಟ್ಟರು. 2020ರ ಅವರ ಆಲ್ಬಂ ಆ ಬಿಡುಗಡೆಯ ಆಲ್ಬಂ ಆಗಿತ್ತು. ‘ಟೈಗರ್ಸ್ ಬ್ಲಡ್’ ಅದರ ನಂತರದ ಬದುಕಿನದು. ಸಂಬಂಧವೊಂದನ್ನು ದಿನದಿನವೂ ಉಳಿಸಿಕೊಂಡು ಹೋಗುವುದು ಹೇಗಿರುತ್ತದೆ ಎಂಬುದರ ಬಗ್ಗೆ. ಪ್ರೇಮ ಹುಟ್ಟುವುದರ ಹಾಡುಗಳು, ಮುರಿಯುವುದರ ಹಾಡುಗಳು ಲೆಕ್ಕವಿಲ್ಲದಷ್ಟಿವೆ, ನಡುವಿನ ವರ್ಷಗಳ ಹಾಡುಗಳು ಬಹಳ ಕಡಿಮೆ. ಈ ಆಲ್ಬಂನ ‘ರೈಟ್ ಬ್ಯಾಕ್ ಟು ಇಟ್’ ಅಂಥ ಹಾಡು. ಬ್ಯಾಂಜೋ ಒಂದು ಮೆಲ್ಲನೆ ಉರುಳುತ್ತಾ ಹೋಗುತ್ತದೆ, ಕ್ರಚ್‌ಫೀಲ್ಡ್ ಅವರ ಕಂಠದ ಕೆಳಗೆ ಒಬ್ಬ ಯುವಕನ ಕಂಠ ತುಸು ಹಿಂದೆ ಬಿದ್ದಂತೆ ಜೊತೆಗೂಡುತ್ತದೆ.

ಆ ಯುವಕ ಎಂ.ಜೆ. ಲೆಂಡರ್‌ಮನ್. ನಾರ್ತ್ ಕೆರೊಲಿನಾದ ಆಶ್‌ವಿಲ್ ಎಂಬ ಬೆಟ್ಟದೂರಿನವರು, ಒಂದು ಕಾಲಕ್ಕೆ ಅಲ್ಲಿ ಐಸ್‌ಕ್ರೀಮ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದವರು. ಸೆಪ್ಟೆಂಬರ್ 6ರಂದು ಅವರದೇ ಆಲ್ಬಂ ‘ಮ್ಯಾನಿಂಗ್ ಫೈರ್‌ವರ್ಕ್ಸ್’ ಬಂತು. ಆಶ್‌ವಿಲ್‌ನದೇ ಸ್ಟುಡಿಯೋದಲ್ಲಿ ಬಹುಪಾಲು ವಾದ್ಯಗಳನ್ನು ತಾವೇ ನುಡಿಸಿ ಮಾಡಿದ್ದು. ಈ ಹಾಡುಗಳಲ್ಲಿ ಬರುವ ಗಂಡಸರು ಸೋತವರು, ತಮ್ಮ ಸೋಲಿಗೆ ತಾವೇ ಕಾರಣರು, ಅದನ್ನು ಒಪ್ಪಿಕೊಳ್ಳಲಾರದವರು. ಲೆಂಡರ್‌ಮನ್ ಆ ಗಂಡಸರನ್ನು ಹೀಯಾಳಿಸುವುದಿಲ್ಲ, ಮನ್ನಿಸುವುದೂ ಇಲ್ಲ. ಆ ನಡುವಿನ ಜಾಗದಲ್ಲಿ ಇಡೀ ಆಲ್ಬಂ ನಿಲ್ಲಿಸಿರುವುದೇ ಅವರ ಸಾಮರ್ಥ್ಯ. ಕೊನೆಯ ಹಾಡು 10 ನಿಮಿಷದ್ದು. ಮಾತು ಮೊದಲ ಕೆಲವೇ ನಿಮಿಷಗಳಲ್ಲಿ ಮುಗಿದುಹೋಗುತ್ತದೆ, ಉಳಿದದ್ದು ಮೊರೆಯುವ ಒಂದೇ ನಾದ. ಪಾಶ್ಚಾತ್ಯ ಕೇಳುಗರಲ್ಲಿ ಹಲವರು ಇದೇಕೆ ಇಷ್ಟು ಉದ್ದ ಎಂದು ಕೇಳಬಹುದು. ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿಯ ದಡದ ರುದ್ರಪಟ್ಟಣ ಇರುವ ಜಿಲ್ಲೆಯವರು ನಾವು, ಆರ್.ಕೆ. ಶ್ರೀಕಂಠನ್ ಅವರಂಥ ವಿದ್ವಾಂಸರನ್ನು ಕೊಟ್ಟ ಆ ಊರಿನಲ್ಲಿ ಆರ್.ಕೆ. ಪದ್ಮನಾಭ ಅವರು ತಂಬೂರಿಯ ಆಕಾರದಲ್ಲಿಯೇ ಮಂದಿರ ಕಟ್ಟಿಸಿದ್ದಾರೆ. ಹಾಡು ನಿಂತ ಮೇಲೂ ಶ್ರುತಿ ಉಳಿಯುತ್ತದೆ ಎಂಬುದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಆಲ್ಬಂ ಬಂದು ಮೂರು ವಾರ ಕಳೆಯುವಷ್ಟರಲ್ಲಿ, ಸೆಪ್ಟೆಂಬರ್ ಕೊನೆಯಲ್ಲಿ, ಹೆಲೀನ್ ಚಂಡಮಾರುತದ ಮಳೆಗೆ ಆಶ್‌ವಿಲ್ ಮುಳುಗಿತು. ನದಿಯ ದಡದ ಕಲಾವಿದರ ಬೀದಿಗಳು ಕೆಸರಾದವು, ರಸ್ತೆಗಳು ಕೊಚ್ಚಿಹೋದವು. ಅದಕ್ಕೆ ಎರಡು ತಿಂಗಳು ಮೊದಲು, ಜುಲೈ 26ರಂದು, ನಮ್ಮ ಕಡಗರವಳ್ಳಿ ಮತ್ತು ಎಡಕುಮೇರಿ ನಡುವೆ ಗುಡ್ಡ ಕುಸಿದು ಮಂಗಳೂರಿನ ರೈಲುಗಳು ನಿಂತುಹೋಗಿದ್ದವು. ಬೆಟ್ಟದೂರಿನವರ ಭಯ ಬೆಟ್ಟದೂರಿನವರಿಗೆ ಬೇಗ ಅರ್ಥವಾಗುತ್ತದೆ. ಆ ವಾರವೆಲ್ಲ ನಾನು ಈ ಆಲ್ಬಂ ಕೇಳುವಾಗ, ಅದು ಧ್ವನಿಮುದ್ರಣವಾದ ಕೋಣೆ ಈಗ ಹೇಗಿದೆಯೋ ಎಂಬ ಯೋಚನೆಯಿಂದ ಬಿಡಿಸಿಕೊಳ್ಳಲಾಗಲಿಲ್ಲ.

ಈಗ ಹಣದ ಮತ್ತು ಹಂಚಿಕೆಯ ಮಾತಿಗೆ ಬರುತ್ತೇನೆ, ಏಕೆಂದರೆ ಮುಂದಿನ ಆಲ್ಬಂ ಅದಿಲ್ಲದೆ ಅರ್ಥವಾಗುವುದಿಲ್ಲ. ಹಾಡು ಕೇಳಿಸುವ ಆ್ಯಪ್ ಆದ ಸ್ಪಾಟಿಫೈ 2024ರಿಂದ ಒಂದು ನಿಯಮ ತಂದಿತು: ಹಿಂದಿನ 12 ತಿಂಗಳಲ್ಲಿ 1,000 ಸಲವಾದರೂ ಕೇಳಿಸಿಕೊಳ್ಳದ ಹಾಡಿಗೆ ಧ್ವನಿಮುದ್ರಣದ ಗೌರವಧನ ಇಲ್ಲ. ಒಂದೊಂದು ಹಾಡಿನ ಮೊತ್ತ ಚಿಕ್ಕದೇ ಇರಬಹುದು, ಆದರೆ ಆ ನಿಯಮ ಹೊಸದಾಗಿ ಹಾಡುವವರಿಗೆ ಕೊಡುವ ಸಂದೇಶ ನೋವಿನದು. ಅದರ ಎದುರಿಗೆ 2008ರಲ್ಲಿ ಆರಂಭವಾದ ಬ್ಯಾಂಡ್‌ಕ್ಯಾಂಪ್ ಎಂಬ ಜಾಲತಾಣ ಇದೆ. ಅಲ್ಲಿ ಕೇಳುಗರು ಆಲ್ಬಂ ಕೊಂಡಾಗ ತಾಣವು ಸಾಮಾನ್ಯವಾಗಿ 15 ಶೇಕಡಾ ತನ್ನ ಪಾಲು ಇಟ್ಟುಕೊಳ್ಳುತ್ತದೆ, 2020ರ ಮಾರ್ಚ್‌ನಿಂದ ಕೆಲವು ನಿಗದಿತ ಶುಕ್ರವಾರಗಳಂದು ಅದನ್ನೂ ಬಿಟ್ಟುಕೊಡುತ್ತಿದೆ. ನಾನು ತಿಂಗಳಿಗೆ ಒಂದು ಆಲ್ಬಮ್ಮನ್ನಾದರೂ ಹಾಗೆ ಕೊಳ್ಳುತ್ತೇನೆ. ನಿಮ್ಮಲ್ಲಿ ಸಾಧ್ಯವಿರುವವರು ಹಾಗೆ ಮಾಡಿರೆಂದು ಕೇಳಿಕೊಳ್ಳುತ್ತೇನೆ.

2024ರ ಮಾರ್ಚ್ 29ರಂದು ಸಿಂಡಿ ಲೀ ಎಂಬ ಹೆಸರಿನ ‘ಡೈಮಂಡ್ ಜುಬಿಲಿ’ ಬಂದದ್ದು ಈ ಎರಡೂ ದಾರಿಗಳನ್ನು ಬಿಟ್ಟು. ಸಿಂಡಿ ಲೀ ಎಂಬುದು ಕೆನಡಾದ ಪ್ಯಾಟ್ರಿಕ್ ಫ್ಲೆಗೆಲ್ ಅವರು ತೊಟ್ಟ ಕಲಾರೂಪ. ಅವರು ಹಿಂದೆ ಕ್ಯಾಲ್ಗರಿಯ ವಿಮೆನ್ ಎಂಬ ತಂಡದಲ್ಲಿದ್ದವರು. 32 ಹಾಡುಗಳ, ಸುಮಾರು 2 ಗಂಟೆಯ ಈ ಆಲ್ಬಂ ಬಂದಾಗ ಹಾಡು ಕೇಳಿಸುವ ಯಾವ ಆ್ಯಪ್‌ನಲ್ಲಿಯೂ ಇರಲಿಲ್ಲ. ಯೂಟ್ಯೂಬಿನಲ್ಲಿ ಇಡೀ ಆಲ್ಬಂ ಒಂದೇ ವಿಡಿಯೋ ಆಗಿತ್ತು. ಜೊತೆಗೆ ಇಪ್ಪತ್ತೈದು ವರ್ಷ ಹಳೆಯದೆಂಬಂತೆ ಕಾಣುವ ಸರಳ ಜಾಲಪುಟವೊಂದರಿಂದ ಇಳಿಸಿಕೊಂಡು, ಮನಸ್ಸಿದ್ದರೆ 30 ಕೆನಡಾ ಡಾಲರ್ ಕಳುಹಿಸಿ ಎಂಬ ಮಾತಿತ್ತು. ಪ್ರಚಾರವಿಲ್ಲ. ಆದರೂ ಕೇಳಿದವರು ಕೇಳದವರಿಗೆ ಹೇಳಿದರು, ಪಿಚ್‌ಫೋರ್ಕ್ ಎಂಬ ಸಂಗೀತ ಪತ್ರಿಕೆ ಅದಕ್ಕೆ ಹತ್ತಕ್ಕೆ 9.1 ಅಂಕ ಕೊಟ್ಟಿತು, ಕೆನಡಾದ ಪೊಲಾರಿಸ್ ಸಂಗೀತ ಪ್ರಶಸ್ತಿಯ ಅಂತಿಮ ಪಟ್ಟಿಗೂ ಅದು ಬಂತು. ಮಾವನ ಅಂಗಡಿಯಲ್ಲಾಗಿದ್ದರೆ ಇದಕ್ಕೆ 90 ನಿಮಿಷದ್ದೊಂದು, 60 ನಿಮಿಷದ್ದೊಂದು ಕ್ಯಾಸೆಟ್ ಬೇಕಾಗುತ್ತಿತ್ತು.

ಆ 2 ಗಂಟೆಯಲ್ಲಿ ಏನಿದೆ? 1960ರ ದಶಕದ ಹುಡುಗಿಯರ ಗಾಯನ ತಂಡಗಳ ರಾಗಗಳು, ನಡುರಾತ್ರಿ ದೂರದ ರೇಡಿಯೋ ಕೇಂದ್ರವೊಂದು ಮುಳ್ಳಿಗೆ ಸಿಕ್ಕಿ ಮತ್ತೆ ಜಾರುವಂಥ ಗಿಟಾರು, ಮಸುಕಾದ ಕಂಠ. ಕಿರುತರಂಗದಲ್ಲಿ ಸಿಲೋನ್ ಹುಡುಕಿದ ಹಿರಿಯರು ಇಲ್ಲಿದ್ದಾರೆ. ಅವರಿಗೆ ಆ ಧ್ವನಿಯ ಗುಣ ಗುರುತು ಸಿಗುತ್ತದೆ. ಒಂದು ಹಾಡು ಚೆನ್ನಾಗಿದೆ ಎಂದು ನಿಲ್ಲುವಷ್ಟರಲ್ಲಿ ಮುಂದಿನದು ಬಂದಿರುತ್ತದೆ, ಎರಡನೆಯ ಗಂಟೆಯ ಹೊತ್ತಿಗೆ ಯಾವ ಹಾಡಿನ ಹೆಸರೂ ನೆನಪಿನಲ್ಲಿ ಉಳಿಯುವುದಿಲ್ಲ, ಅದು ಒಂದು ಊರಿನೊಳಗೆ ನಡೆದಂತೆ ಆಗುತ್ತದೆ. ನಾನು ಇದನ್ನು ಹಾಡು ಹಾಡಾಗಿ ಕೇಳಲು ಯತ್ನಿಸಿದಾಗಲೆಲ್ಲ ಸೋತಿದ್ದೇನೆ. ಒಂದೇ ಓಟದಲ್ಲಿ, ಹಾಸನದಿಂದ ಬೆಂಗಳೂರಿನತ್ತ ರೈಲಿನಲ್ಲಿ ಕುಳಿತು ಕೇಳಿದ ದಿನ ಮಾತ್ರ ಅದು ನನಗೆ ಪೂರ್ತಿ ಒಲಿಯಿತು. ಆ ವರ್ಷದ ಆಲ್ಬಂಗಳಲ್ಲಿ ಒಂದನ್ನೇ ಇಟ್ಟುಕೊಳ್ಳಿ ಎಂದರೆ ನಾನು ಇಟ್ಟುಕೊಳ್ಳುವುದು ಇದನ್ನೇ.

ಇದರ ಎದುರು ತುದಿಯಲ್ಲಿ ಜೆಸ್ಸಿಕಾ ಪ್ರಾಟ್ ಅವರ ‘ಹಿಯರ್ ಇನ್ ದ ಪಿಚ್’ ಇದೆ: ಒಂಬತ್ತು ಹಾಡು, 27 ನಿಮಿಷ, ಕ್ಯಾಸೆಟ್ಟಿನ ಒಂದು ಮಗ್ಗುಲು. ಮೊದಲೆಲ್ಲ ಹೆಚ್ಚಾಗಿ ಗಿಟಾರ್ ಒಂದರಲ್ಲೇ ಹಾಡುತ್ತಿದ್ದ ಅವರು ಇಲ್ಲಿ ತಾಳವಾದ್ಯ ಸೇರಿಸಿಕೊಂಡಿದ್ದಾರೆ. ಬಿಸಿಲು ಇಳಿಯುವ ಹೊತ್ತಿಗೆ ಒಮ್ಮೆ ಕೇಳಿ.

ಬೆತ್ ಗಿಬ್ಬನ್ಸ್ ಅವರ ‘ಲೈವ್ಸ್ ಔಟ್‌ಗ್ರೋನ್’ ಬಗ್ಗೆ ಹೆಚ್ಚು ಹೇಳಬೇಕು. 1994ರಲ್ಲಿ ಪೋರ್ಟಿಸ್‌ಹೆಡ್ ಎಂಬ ಬ್ರಿಟಿಷ್ ತಂಡದ ಮೊದಲ ಆಲ್ಬಮ್ಮಿನಿಂದ ಪ್ರಸಿದ್ಧರಾದ ಗಾಯಕಿ ಅವರು. ತಮ್ಮೊಬ್ಬರ ಹೆಸರಿನಲ್ಲಿ ಹಾಡುಗಳ ಮೊದಲ ಸ್ಟುಡಿಯೋ ಆಲ್ಬಂ ತರಲು 30 ವರ್ಷ ಕಾದರು. ಮೇ 17ರಂದು ಡೊಮಿನೊ ಎಂಬ ಲೇಬಲ್ ಹೊರತಂದ ಈ 10 ಹಾಡುಗಳ ಮೇಲೆ ಸುಮಾರು ಹತ್ತು ವರ್ಷ ಕೆಲಸ ನಡೆದಿದೆ. ದೊಡ್ಡ ಕಂಪನಿಯ ವೇಳಾಪಟ್ಟಿಯಲ್ಲಿ ಹತ್ತು ವರ್ಷ ಎಂಬುದಕ್ಕೆ ಜಾಗ ಸಿಗುವುದು ಕಷ್ಟ. ತಮಗೆ ಹೆಸರು ತಂದ ಡ್ರಮ್ಮಿನ ಧ್ವನಿಯಿಂದ ದೂರ ಹೋಗಬೇಕೆಂಬುದು ಅವರ ನಿಶ್ಚಯವಾಗಿತ್ತು. ಆದ್ದರಿಂದ ಟಾಕ್ ಟಾಕ್ ತಂಡದಲ್ಲಿದ್ದ ಲೀ ಹ್ಯಾರಿಸ್ ಅವರು ಅಡುಗೆಯ ಅಗಲವಾದ ಬಾಣಲೆ, ಪ್ಲಾಸ್ಟಿಕ್ ಡಬ್ಬಿ, ಲೋಹದ ತಗಡು, ಚರ್ಮದ ನೀರಿನ ಚೀಲ ಇಂಥವನ್ನು ಬಾರಿಸಿದರು. ನಿರ್ಮಾಪಕ ಜೇಮ್ಸ್ ಫೋರ್ಡ್ ಪಿಯಾನೋದ ಒಳಗಿನ ತಂತಿಗಳನ್ನು ಚಮಚದಿಂದ ತಟ್ಟಿದರು. ಘಟ ಬಾರಿಸುವ ನಾಡಿನವರಾದ ನಮಗೆ ಅಡುಗೆಮನೆಯ ಪಾತ್ರೆಯಲ್ಲಿ ತಾಳ ಇದೆಯೆಂಬುದು ಅಚ್ಚರಿಯಲ್ಲ, ಆದರೆ ಇಲ್ಲಿ ಆ ಪಾತ್ರೆಗಳಿಗೆ ಇನ್ನೂ ಒಂದು ಅರ್ಥವಿದೆ. ಇವು ಐವತ್ತು ದಾಟಿದ ಹೆಂಗಸೊಬ್ಬಳ ಹಾಡುಗಳು: ಮುಟ್ಟು ನಿಲ್ಲುವ ಕಾಲದ ದೇಹ, ಆಪ್ತರ ಸಾವುಗಳು, ಇನ್ನು ಉಳಿದದ್ದೆಷ್ಟು ಎಂಬ ಲೆಕ್ಕ. ಮನೆಯ ವಸ್ತುಗಳೇ ಅವಳ ಸುತ್ತ ಮಂದ್ರದಲ್ಲಿ ಗುಡುಗುತ್ತವೆ. ಒಂದು ಹಾಡಿನಲ್ಲಿ ಸಾವಿನ ಮಾತು ಬರುವ ಹೊತ್ತಿಗೆ ಮಕ್ಕಳ ಗುಂಪೊಂದು ದನಿಗೂಡಿಸುತ್ತದೆ. ಆ ಭಾಗವನ್ನು ಒಮ್ಮೆ ನನ್ನ ಅಕ್ಕನಿಗೆ ಕೇಳಿಸಿದೆ. ಇಂಗ್ಲಿಷ್ ಹಾಡು ಕೇಳುವ ಅಭ್ಯಾಸ ಅವಳಿಗಿಲ್ಲ. ಮುಗಿದ ಮೇಲೆ ಅವಳು ಕೇಳಿದ್ದು ಒಂದೇ: “ಈಕೆಗೆ ಎಷ್ಟು ವಯಸ್ಸು?” ನಾನು ಹೇಳಿದೆ. “ಗೊತ್ತಾಗುತ್ತೆ ಕಣೋ, ಇನ್ನೊಂದು ಸಲ ಹಾಕು” ಎಂದಳು.

ನಾನು ಮೊದಲಿನಿಂದ ಹೇಳುತ್ತಿರುವ ಕೋಣೆಯ ಮಾತು ಅತ್ಯಂತ ನಿಜವಾಗುವುದು ಫಿಲ್ ಎಲ್ವರಮ್ ಅವರ ವಿಷಯದಲ್ಲಿ. ಅಮೆರಿಕದ ವಾಯವ್ಯ ಮೂಲೆಯ ವಾಷಿಂಗ್ಟನ್ ರಾಜ್ಯದ ಅನಕೋರ್ಟಿಸ್ ಎಂಬ ಊರಿನವರಾದ ಅವರು ಮೌಂಟ್ ಈರೀ ಎಂಬ ಹೆಸರಿನಲ್ಲಿ ಹಾಡುತ್ತಾರೆ, ತಮ್ಮ ಆಲ್ಬಂಗಳನ್ನು ತಮ್ಮದೇ ಲೇಬಲ್ಲಿನಿಂದ ಹೊರತರುತ್ತಾರೆ. 2016ರ ಜುಲೈನಲ್ಲಿ ಅವರ ಪತ್ನಿ, ಕಲಾವಿದೆ ಜಿನೆವೀವ್ ಕಾಸ್ಟ್ರೇ, ಕ್ಯಾನ್ಸರಿನಿಂದ ತೀರಿಕೊಂಡರು. ಮನೆಯಲ್ಲಿ ಎಳೆಯ ಮಗಳಿದ್ದಳು. ಪತ್ನಿ ಕೊನೆಯುಸಿರೆಳೆದ ಕೋಣೆಯಲ್ಲಿಯೇ ಕುಳಿತು, ಬಹುಪಾಲು ಪತ್ನಿಯ ವಾದ್ಯಗಳನ್ನೇ ನುಡಿಸಿ, ಎಲ್ವರಮ್ 2017ರ ‘ಎ ಕ್ರೋ ಲುಕ್ಡ್ ಅಟ್ ಮಿ’ ಮಾಡಿದರು. ಅದರ ಹೊದಿಕೆಯ ಚಿತ್ರದಲ್ಲಿ ಜೋಆನ್ ಕೈಗರ್ ಎಂಬ ಕವಯಿತ್ರಿಯ ಒಂದು ಪದ್ಯ ಕಾಣುತ್ತದೆ. ಆ ಪದ್ಯದ ಹೆಸರು ‘ನೈಟ್ ಪ್ಯಾಲೇಸ್’. 2024ರ ನವೆಂಬರ್ 1ರಂದು ಬಂದ ಅವರ 26 ಹಾಡುಗಳ ಹೊಸ ಆಲ್ಬಂನ ಹೆಸರೂ ಅದೇ.

ಏಳು ವರ್ಷದ ಹಿಂದೆ ಹೊದಿಕೆಯ ಮೇಲೆ ಇಟ್ಟಿದ್ದ ಪದ್ಯದೊಳಗೆ ಒಬ್ಬ ಮನುಷ್ಯ ಈಗ ಪ್ರವೇಶಿಸಿದ್ದಾನೆ. 2017ರ ಆಲ್ಬಂ ಒಂದು ಕೋಣೆಯನ್ನು ಬಿಟ್ಟು ಹೊರಗೆ ಬರಲಾರದ್ದು. ‘ನೈಟ್ ಪ್ಯಾಲೇಸ್’ನಲ್ಲಿ ಗಾಳಿ, ಮಂಜು, ಹಕ್ಕಿ, ಮೀನು, ಪೊರಕೆ ಎಲ್ಲವೂ ಬಂದಿವೆ. ಕೆಲವು ಹಾಡುಗಳು ಒಂದು ನಿಮಿಷದವು, ಒಂದು 12 ನಿಮಿಷದ್ದು. ಗಿಟಾರು ಕೆಲವೊಮ್ಮೆ ಕಿವಿ ಮುಚ್ಚಿಕೊಳ್ಳುವಷ್ಟು ಒಡೆದು ಮೊರೆಯುತ್ತದೆ, ಅದರ ಹಿಂದೆಯೇ ಪಿಸುಮಾತು ಬರುತ್ತದೆ. ಆಲ್ಬಂನ ದ್ವಿತೀಯಾರ್ಧದಲ್ಲಿ ಅವರು ತಾವು ಬಾಳುತ್ತಿರುವ ನೆಲ ಮೂಲತಃ ಯಾರದು ಎಂಬ ಪ್ರಶ್ನೆಯನ್ನು ಸುತ್ತಿಬಳಸದೆ ಎತ್ತುತ್ತಾರೆ. ಅಲ್ಲಿನ ಮೂಲನಿವಾಸಿಗಳಿಂದ ಕಿತ್ತುಕೊಂಡ ನೆಲದಲ್ಲಿ ನಾನು ನಿಸರ್ಗದ ಹಾಡು ಹೇಗೆ ಹಾಡಲಿ ಎಂಬ ಸಂಕಟ ಅದು. ಈ ಹಾಡುಗಳು ಭಾಷಣವಾದವು ಎಂದು ದೂರುವವರಿದ್ದಾರೆ. ನಾನು ಒಪ್ಪುವುದಿಲ್ಲ. ತನ್ನ ಮನೆಯ ಸಾವನ್ನು ಅಷ್ಟು ಪ್ರಾಮಾಣಿಕವಾಗಿ ಹೇಳಿದವನಿಗೆ ತನ್ನ ಮನೆಯ ಕೆಳಗಿನ ನೆಲದ ಬಗ್ಗೆ ಹಗುರವಾಗಿ ಮಾತಾಡುವುದು ಸಾಧ್ಯವಿಲ್ಲ.

ನಮ್ಮ ಕಡೆಯ ಎರಡು ಆಲ್ಬಂಗಳನ್ನು ಹೆಸರಿಸದೆ ಮುಗಿಸಲಾರೆ. ದೆಹಲಿಯ ಪೀಟರ್ ಕ್ಯಾಟ್ ರೆಕಾರ್ಡಿಂಗ್ ಕಂಪನಿ ಎಂಬ ತಂಡ ಆಗಸ್ಟ್‌ನಲ್ಲಿ ‘ಬೀಟಾ’ ತಂದಿತು. ಮದುವೆ ಬ್ಯಾಂಡಿನ ಸಂಭ್ರಮವೂ ದಣಿವೂ ಒಟ್ಟಿಗೆ ಇರುವ ಇಂಗ್ಲಿಷ್ ಹಾಡುಗಳು ಅವರವು. ಇನ್ನೊಂದು, ತಮಿಳುನಾಡಿನಲ್ಲಿ ಬೆಳೆದು, ಹರಿಕಥೆ ಕಲಿತು, ಯಾತ್ರಿಕರ ದಾರಿಯಲ್ಲಿ ಹಾಡುತ್ತಾ ಬಂದ ಗಾನವ್ಯಾ ಅವರ ‘ಡಾಟರ್ ಆಫ್ ಎ ಟೆಂಪಲ್’, ನವೆಂಬರ್‌ನದು. ಅಮೆರಿಕದ ಹ್ಯೂಸ್ಟನ್ನಿನ ಸಭಾಂಗಣವೊಂದಕ್ಕೆ ಬೇರೆ ಬೇರೆ ಕಲೆಗಳ 30ಕ್ಕೂ ಹೆಚ್ಚು ಜನರನ್ನು ಕರೆದು, ಒಟ್ಟಿಗೆ ಕೂರಿಸಿ, ಪ್ರಾರ್ಥನೆಯಂತೆ ನಡೆಸಿದ ಕೂಟದಿಂದ ಈ ಆಲ್ಬಂ ಹುಟ್ಟಿದೆ. ಜಾಝ್ ಲೋಕದ ಪವಿತ್ರ ರಾಗವೊಂದನ್ನು ಅವರು ಭಜನೆಯ ಲಯದಲ್ಲಿ ಎತ್ತಿಕೊಂಡಾಗ, ಎಷ್ಟು ಕಂಠಗಳಿವೆ ಎಂದು ಎಣಿಸಲಾಗುವುದಿಲ್ಲ. ಭಜನಾ ಮಂಡಳಿಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು ಹಾಡಿದ ನಿಮ್ಮಲ್ಲಿ ಹಲವರಿಗೆ ಆ ಕೋಣೆ ಪರಿಚಿತವೇ ಆಗಿರುತ್ತದೆ.

ಮಾತು ಇಲ್ಲಿಗೆ ಸಾಕು. ಈಗ ‘ರಿಯಲ್ ಹೌಸ್’ ಹಾಕುತ್ತೇನೆ, ಅದರ ಹಿಂದೆಯೇ ಆ ಆಲ್ಬಂನ ಎರಡನೆಯ ಹಾಡನ್ನೂ, ನಡುವೆ ನಿಲ್ಲಿಸದೆ. ಫ್ಯಾನುಗಳನ್ನು ಆರಿಸಿಬಿಡಿ, ಪಿಯಾನೋ ಬಹಳ ಮೆಲ್ಲಗಿದೆ. ಕಿಟಕಿ ತೆರೆದೇ ಇರಲಿ.